ಸ್ಟಾಲ್ ಟೆಸ್ಟ್ ಅಂದರೆ ಏನು? ಎಂಜಿನ್ ಬಿಚ್ಚುವ ಮೊದಲು ಇದನ್ನು ಓದಿ

ಊರಲ್ಲಿ ಸ್ಟಾಲ್ ಅಂದರೆ ಟೀ ಸ್ಟಾಲ್. ಕಾರು ಕಲಿಯುವವರಿಗೆ ಸ್ಟಾಲ್ ಅಂದರೆ ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಗಕ್ಕನೆ ಬಂದ್ ಬೀಳೋದು. ಲೋಡರ್, ಡೋಜರ್ ರಿಪೇರಿ ಮಾಡುವವರ ಬಾಯಲ್ಲಿ ಬರುವ ಸ್ಟಾಲ್ ಇವೆರಡೂ ಅಲ್ಲ. ಇಲ್ಲಿ ಎಂಜಿನ್ ನಿಲ್ಲುವುದೇ ಇಲ್ಲ, ಫುಲ್ ರೇಸ್‌ನಲ್ಲಿ ಕೂಗುತ್ತಾ ಇರುತ್ತದೆ. ನಿಲ್ಲುವುದು ಗಾಲಿ.

ಮುಧೋಳ, ಜಮಖಂಡಿ ಕಡೆ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಎತ್ತುಗಳು ಎಳೆಯಬೇಕು. ಖಾಲಿ ಬಂಡಿ ಎಳೆಯುವಾಗ ಎಲ್ಲ ಜೋಡಿಯೂ ಚೆಂದವೇ, ಕಸುವು ಎಷ್ಟಿದೆ ಅಂತ ಗೊತ್ತಾಗೋದು ಗಾಲಿ ಕಟ್ಟಿದಾಗ. ಸ್ಟಾಲ್ ಟೆಸ್ಟ್ ಕೂಡ ಇದೇ: ಬ್ರೇಕ್ ಹಿಡಿದು, ಗೇರ್ ಹಾಕಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಎಂಜಿನ್ ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತು) ಏರುತ್ತದೆ ಅಂತ ನೋಡುವುದು. ಆ ಸಂಖ್ಯೆಯೇ ಸ್ಟಾಲ್ ಸ್ಪೀಡ್.

ಗಾಲಿ ನಿಂತರೂ ಎಂಜಿನ್ ಯಾಕೆ ಬಂದ್ ಬೀಳಲ್ಲ? ನಡುವೆ ಟಾರ್ಕ್ ಕನ್ವರ್ಟರ್ ಇದೆ, ಅದಕ್ಕೆ. ಎಂಜಿನ್‌ಗೆ ಜೋಡಿಸಿದ ಪಂಪ್ ಚಕ್ರ ಆಯಿಲ್ ಎರಚುತ್ತದೆ, ಆ ಆಯಿಲ್ ಗೇರ್‌ಬಾಕ್ಸ್ ಕಡೆಯ ಟರ್ಬೈನ್ ಚಕ್ರವನ್ನು ತಳ್ಳುತ್ತದೆ, ವಾಪಸ್ ಬರುವ ಆಯಿಲ್‌ಗೆ ದಿಕ್ಕು ತಿರುಗಿಸಿ ಮತ್ತೆ ಜೋರು ಕೊಡೋದು ಮಧ್ಯದ ಸ್ಟೇಟರ್. ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಲ್ಲ, ಆಯಿಲ್ಲೇ ಕೊಂಡಿ. ಟರ್ಬೈನ್ ನಿಂತಿರುವಾಗಲೇ ಟಾರ್ಕ್, ಅಂದರೆ ತಿರುಗಿಸುವ ಬಲ, ಅತಿ ಹೆಚ್ಚು, ಸಾಮಾನ್ಯವಾಗಿ ಎಂಜಿನ್ ಕೊಡುವುದರ ಎರಡರಿಂದ ಮೂರು ಪಟ್ಟು. ಮಣ್ಣಿನ ಗುಡ್ಡೆಗೆ ಬಕೆಟ್ ನುಗ್ಗಿಸಿ ಗಾಡಿ ಒಂದು ಕ್ಷಣ ನಿಂತು ಗುರುಗುಡುತ್ತದಲ್ವಾ, ಅದೇ ಸ್ಟಾಲ್.

ಈಗ ಅಸಲು ವಿಷಯ. "ಗಾಡಿ ದಬ್ಬವಲ್ತರಿ" ಅಂತ ಆಪರೇಟರ್ ಬಂದು ಹೇಳಿದರೆ ನಮ್ಮ ಕಡೆ ಮೊದಲ ತೀರ್ಪು ಒಂದೇ: ಎಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರ್ ಸವೆದಿದೆ. ತಪ್ಪು ಎಂಜಿನ್ನದೋ ಗೇರ್‌ಬಾಕ್ಸಿನದೋ ಅಂತ ಯಾರೂ ಕೇಳುವುದೇ ಇಲ್ಲ. ಸ್ಟಾಲ್ ಟೆಸ್ಟ್ ಒಂದು ಬೋಲ್ಟ್ ಕೂಡ ಬಿಚ್ಚದೆ ಅದನ್ನೇ ಹೇಳುತ್ತದೆ. ಆರ್‌ಪಿಎಂ ಮ್ಯಾನುಯಲ್‌ನಲ್ಲಿ ಇರುವುದಕ್ಕಿಂತ ಕಡಿಮೆ ಬಂದರೆ ಎಂಜಿನ್‌ಗೆ ಕಸುವಿಲ್ಲ. ಜಾಸ್ತಿ ಬಂದರೆ ಎಂಜಿನ್ ಚೆನ್ನಾಗಿದೆ, ಹಿಂದೆ ಎಲ್ಲೋ ಜಾರುತ್ತಿದೆ. ಹಗ್ಗ ಸಡಿಲಾದರೆ ಎತ್ತು ಮುಂದೆ ಓಡುತ್ತವೆ, ಬಂಡಿ ಅಲ್ಲೇ ಇರುತ್ತದೆ, ಹಾಗೆ.

ಎರಡು ಸೀಸನ್ ಹಿಂದೆ ಜಮಖಂಡಿ ಕಡೆ ಒಂದು ಯಾರ್ಡಿಗೆ ಹೋಗಿದ್ದೆ. ರಸ ಹಿಂಡಿದ ಕಬ್ಬಿನ ಸಿಪ್ಪೆ ತಳ್ಳುವ ಲೋಡರ್. ಎಂಜಿನ್ ಇಳಿಸಲು ಚೈನ್ ಬ್ಲಾಕ್ ಕೂಡ ತಂದು ಇಟ್ಟಿದ್ದರು. "ಸಾವ್ಕಾರ್ರ, ಹತ್ತು ನಿಮಿಷ ಕೊಡ್ರಿ" ಅಂದೆ. ಮ್ಯಾನುಯಲ್ ಪ್ರಕಾರ 2150 ಬರಬೇಕು. ಮುಂದಕ್ಕೆ ಹೋಗುವ ಗೇರ್‌ನಲ್ಲಿ 2380, ರಿವರ್ಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಕಡೆ ಜಾಸ್ತಿ ಬಂದಿದ್ದರೆ ಆ ಕಡೆಯ ಕ್ಲಚ್ ಪ್ಯಾಕ್ (ಗೇರ್ ಹಿಡಿಯುವ ಪ್ಲೇಟುಗಳ ಕಟ್ಟು) ಅನ್ನಬಹುದಿತ್ತು. ಎರಡೂ ಕಡೆ ಅಂದರೆ ಎರಡಕ್ಕೂ ಸೇರಿದ್ದನ್ನು ಹುಡುಕಬೇಕು: ಆಯಿಲ್, ಅದನ್ನು ಸೋಸುವ ಸ್ಟ್ರೇನರ್, ಅದನ್ನು ಒತ್ತಿ ಕಳಿಸುವ ಚಾರ್ಜ್ ಪಂಪಿನ ಪ್ರೆಷರ್. "ಆಯಿಲ್ ಫುಲ್ ಐತ್ರಿ, ಮುಂಜಾನೆ ನೋಡೇನಿ" ಅಂದ ಆಪರೇಟರ್. ಅವನು ಸುಳ್ಳು ಹೇಳಿರಲಿಲ್ಲ, ಆದರೆ ಎಂಜಿನ್ ಬಂದ್ ಮಾಡಿ ನೋಡಿದ್ದ. ಆ ಗಾಡಿಯಲ್ಲಿ ಗೇರ್‌ಬಾಕ್ಸ್ ಆಯಿಲನ್ನು ಬಿಸಿ ಇದ್ದಾಗ, ಎಂಜಿನ್ ಐಡಲ್‌ನಲ್ಲಿ ಇಟ್ಟು ನೋಡಬೇಕು, ಇಲ್ಲದಿದ್ದರೆ ಕನ್ವರ್ಟರ್, ಕೂಲರ್‌ನಿಂದ ಇಳಿದು ಬಂದ ಆಯಿಲ್ ಕೂಡ ಲೆಕ್ಕಕ್ಕೆ ಸೇರಿ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಫುಲ್ ತೋರಿಸುತ್ತದೆ. ಐಡಲ್‌ನಲ್ಲಿ ನೋಡಿದರೆ ಕಡ್ಡಿಯ ತುದಿಗೂ ಆಯಿಲ್ ಇಲ್ಲ! ಕೂಲರ್ ಹೋಸ್ ಒಂದು ಜಿನುಗುತ್ತಿತ್ತು, ಮೇಲೆಲ್ಲ ಸಿಪ್ಪೆ ಮೆತ್ತಿಕೊಂಡು ಯಾರಿಗೂ ಕಂಡಿರಲಿಲ್ಲ. ಹೋಸ್ ಬದಲಿಸಿ ಆಯಿಲ್ ತುಂಬಿದ ಮೇಲೆ 2160.

ಆರ್‌ಪಿಎಂ ಕಡಿಮೆ ಬಂದಾಗ ಏನು ಮಾಡಬೇಕು? ಮೊದಲು ನ್ಯೂಟ್ರಲ್‌ನಲ್ಲೇ ಫುಲ್ ರೇಸ್ ಕೊಟ್ಟು ನೋಡಿ. ಅಲ್ಲೇ ಕಡಿಮೆ ಇದ್ದರೆ ಹೆಚ್ಚಾಗಿ ಪೆಡಲ್ ಪೂರ್ತಿ ಒತ್ತುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಅಥವಾ ಪೆಡಲ್ ಕೆಳಗೆ ಎರೆಮಣ್ಣು ಗಟ್ಟಿಯಾಗಿ ಕೂತಿರಬಹುದು (ನಗಬೇಡಿ, ಇದನ್ನು ನಾನೇ ಕೆರೆದು ತೆಗೆದಿದ್ದೇನೆ). ಅದು ಸರಿ ಇದ್ದು ಸ್ಟಾಲ್‌ನಲ್ಲಿ ಮಾತ್ರ ಬಿದ್ದರೆ ಹೊಗೆ ನೋಡಿ. ಕಪ್ಪು ಹೊಗೆ ಜಾಸ್ತಿ ಅಂದರೆ ಹೆಚ್ಚಾಗಿ ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್, ಟರ್ಬೋ ಪೈಪ್ ಲೀಕ್. ಹೊಗೆಯೇ ಇಲ್ಲ, ಜೋರೂ ಇಲ್ಲ ಅಂದರೆ ಡೀಸೆಲ್ ಸಾಲುತ್ತಿಲ್ಲ. ಇಳಕಲ್ ಕಲ್ಲಿನ ಕ್ವಾರಿಗಳ ಧೂಳಿನಲ್ಲಿ ಓಡುವ ಗಾಡಿಗಾದರೆ ನಾನು ಕಣ್ಣು ಮುಚ್ಚಿ ಏರ್ ಫಿಲ್ಟರಿಗೇ ಮೊದಲು ಕೈ ಹಾಕುತ್ತೇನೆ. ಇನ್ನೊಂದಿದೆ, ಅಪರೂಪದ್ದು. ಕೆಲವು ಕನ್ವರ್ಟರ್‌ಗಳಲ್ಲಿ ಸ್ಟೇಟರ್‌ಗೆ ಒನ್ ವೇ ಕ್ಲಚ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಹಿಡಿತ) ಇರುತ್ತದೆ. ಅದು ಹಿಡಿಯದೆ ತಿರುಗಿಬಿಟ್ಟರೆ ಆರ್‌ಪಿಎಂ ತೀರಾ ಕೆಳಗೆ ಬೀಳುತ್ತದೆ, ಗಾಡಿ ಎದ್ದೇಳಲು ಒದ್ದಾಡುತ್ತದೆ, ರೋಡಿನಲ್ಲಿ ವೇಗ ಹಿಡಿದ ಮೇಲೆ ಮಾತ್ರ ಏನೂ ಆಗಿಲ್ಲದಂತೆ ಓಡುತ್ತದೆ.

ಹೈಡ್ರಾಲಿಕ್ ಸ್ಟಾಲ್ ಅಂತಲೂ ಇದೆ. ನ್ಯೂಟ್ರಲ್‌ನಲ್ಲಿ ಬಕೆಟ್ ಲಿವರ್ ಕೊನೆಯವರೆಗೆ ಹಿಡಿದು ಆರ್‌ಪಿಎಂ ನೋಡುವುದು. ಕನ್ವರ್ಟರ್ ಸ್ಟಾಲ್ ಸರಿ ಇದ್ದು ಇದರಲ್ಲಿ ಮಾತ್ರ ತುಂಬ ಬಿದ್ದರೆ, ಎಂಜಿನ್ ಬಿಟ್ಟು ಹೈಡ್ರಾಲಿಕ್ ಪಂಪ್, ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರದಂತೆ ತಡೆಯುವ ವಾಲ್ವ್) ಸೆಟ್ಟಿಂಗ್ ನೋಡಿ.

ಆದರೆ ಇದು ಆಟ ಅಲ್ಲ. ಗಾಲಿ ನಿಂತಾಗ ಎಂಜಿನ್ನಿನ ಅಷ್ಟೂ ಶಕ್ತಿ ಆಯಿಲ್‌ನಲ್ಲಿ ಶಾಖವಾಗುತ್ತದೆ. 100 ಕಿಲೋವಾಟ್ ಎಂಜಿನ್, 25 ಲೀಟರ್ ಆಯಿಲ್ ಅಂತ ಲೆಕ್ಕ ಹಾಕಿದರೆ 10 ಸೆಕೆಂಡಿಗೇ ಸುಮಾರು 20 ಡಿಗ್ರಿ ಏರುತ್ತದೆ. ಅದಕ್ಕೇ ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಸೆಕೆಂಡು, ಆಮೇಲೆ ನ್ಯೂಟ್ರಲ್‌ಗೆ ಹಾಕಿ ಮಧ್ಯಮ ರೇಸ್‌ನಲ್ಲಿ ತಣಿಸಬೇಕು. ಸಮತಟ್ಟು ಜಾಗ ಬೇಕು, ಮುಂದೆ ಹಿಂದೆ ಯಾರೂ ನಿಂತಿರಬಾರದು, ಬ್ರೇಕ್ ಹಿಡಿಯುತ್ತದಾ ಅಂತ ಮೊದಲೇ ನೋಡಿರಬೇಕು. ಯಾವ ಗೇರ್ ಹಾಕಬೇಕು ಅನ್ನೋದೂ ಮ್ಯಾನುಯಲ್ ಹೇಳಿದಂತೆಯೇ. ಎಷ್ಟೋ ಲೋಡರ್‌ಗಳಲ್ಲಿ ಮೇಲಿನ ಗೇರ್‌ನಲ್ಲೇ ಮಾಡಿಸುತ್ತಾರೆ, ಗಾಲಿಗೆ ಬರುವ ಜೋರು ಕಡಿಮೆ, ಬ್ರೇಕ್ ತಡೆಯುತ್ತದೆ. ತಣ್ಣನೆ ಆಯಿಲ್‌ನಲ್ಲಿ ಮಾಡಿದ ಟೆಸ್ಟ್ ಸುಳ್ಳು ಹೇಳುತ್ತದೆ.

ಅಂದಹಾಗೆ, ಚೈನಿನ ಮೇಲೆ ಓಡುವ ಹಿಟಾಚಿಗೆ, ಅಂದರೆ ಎಕ್ಸ್‌ಕವೇಟರ್‌ಗೆ, ಈ ಟೆಸ್ಟ್ ಮಾಡಲು ಹೋಗಬೇಡಿ. ಅದರಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ, ಓಡುವುದೂ ಹೈಡ್ರಾಲಿಕ್ ಮೋಟಾರಿನಿಂದಲೇ.