ಹಲ್ಲು ಕಿತ್ತ ಮೇಲಿನ ಗಡಿಯಾರ

ಬುದ್ಧಿಹಲ್ಲು ಕೀಳಿಸಿಕೊಂಡು ದಂತವೈದ್ಯರ ಕುರ್ಚಿಯಿಂದ ಈಗಷ್ಟೇ ಎದ್ದವರಿಗೆ ಅರ್ಧ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಹತ್ತಿಯುಂಡೆ ಕಚ್ಚಿ ಹಿಡಿದಿರುವುದರಿಂದ ಏನನ್ನಾದರೂ ಕೇಳೋಣವೆಂದರೆ ಬಾಯಿಯೂ ಬಾರದು. ವೈದ್ಯರು ಹತ್ತು ಹನ್ನೆರಡು ಸೂಚನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಸರಿಯಾಗಿ ಆ ಹೊತ್ತಿನಲ್ಲೇ. ರೋಗಿ ತಲೆಯಾಡಿಸುತ್ತಾರೆ, ಮನೆ ಮುಟ್ಟುವಷ್ಟರಲ್ಲಿ ಐಸ್‌ಕ್ರೀಮ್ ತಿನ್ನಬಹುದೆಂಬ ಮಾತೊಂದು ಉಳಿದಿದ್ದರೆ ಹೆಚ್ಚು. ಇದು ಅಸಡ್ಡೆಯಲ್ಲ. ವೈದ್ಯರು ಕೊಡುವ ಮಾಹಿತಿಯಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ, ನೆನಪಿದೆ ಎಂದುಕೊಂಡದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪಾಗಿರುತ್ತದೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕ ರಾಯ್ ಕೆಸೆಲ್ಸ್ 2003ರ ಲೇಖನವೊಂದರಲ್ಲಿ ತೋರಿಸಿದ್ದರು.

ಹಲ್ಲಿನ ವಿಷಯದಲ್ಲಿ ಮರೆವಿಗಿಂತ ದೊಡ್ಡ ತೊಡಕು ಇನ್ನೊಂದಿದೆ: ಇಲ್ಲಿನ ಸೂಚನೆಗಳು ಗಂಟೆಗಂಟೆಗೆ ಬದಲಾಗುತ್ತವೆ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕೆಳಗಿನ ಮೂಳೆಗೂ ನರದ ತುದಿಗಳಿಗೂ ಮುಚ್ಚಳವಾಗಿ, ಹೊಸ ಅಂಗಾಂಶ ಬೆಳೆಯಲು ಆಸರೆಯಾಗಿ ನಿಲ್ಲುತ್ತದೆ. ಮೊದಲ 24 ಗಂಟೆ ಅದು ತೀರಾ ಸಡಿಲ. ಜೋರಾಗಿ ಬಾಯಿ ಮುಕ್ಕಳಿಸಿದರೆ, ಉಗುಳಿದರೆ, ಸ್ಟ್ರಾ ಹಾಕಿ ಎಳನೀರು ಹೀರಿದರೆ, ಬೀಡಿ ಎಳೆದರೆ ಕಿತ್ತುಬರಬಹುದು. ಆದರೆ ಬಾಯಲ್ಲಿ ರಕ್ತದ ರುಚಿ ಕಂಡೊಡನೆ ಮುಕ್ಕಳಿಸಿ ಉಗಿಯುವುದು ನಮಗೆ ಯಾರೂ ಕಲಿಸದೆ ಬಂದ ಅಭ್ಯಾಸ. ಮಾಡಬಾರದ್ದನ್ನೇ ಕೈ ಮೊದಲು ಮಾಡಿರುತ್ತದೆ. ಮರುದಿನ ಇದೇ ಮಾತು ತಲೆಕೆಳಗಾಗುತ್ತದೆ: ಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲನೆ ಬಾಯಿ ತೊಳೆಯಲೇಬೇಕು. ಮೊದಲ ದಿನ ಕೆನ್ನೆಯ ಮೇಲೆ ಐಸ್, ಎರಡು ದಿನ ಕಳೆದ ಮೇಲೆ ಬಿಸಿ ಶಾಖ. ನಿನ್ನೆಯ ಅಪಥ್ಯ ಇಂದಿನ ಔಷಧವಾಗುವ ಈ ಲೆಕ್ಕ ಅಚ್ಚುಹಾಕಿಸಿದ ಚೀಟಿಯಲ್ಲಿ ಅಕ್ಕಪಕ್ಕದ ಸಾಲುಗಳಾಗಿ ಮಲಗಿರುತ್ತದೆ, ಆದರೆ ಈಗ ಯಾವ ಸಾಲಿನ ಸರದಿ ಎಂದು ಚೀಟಿ ಹೇಳಲಾರದು.

ಮೊಬೈಲಿಗೆ ಗಂಟೆ ಗೊತ್ತು. ಅದರ ನಿಜವಾದ ಉಪಯೋಗ ಇರುವುದೇ ಅಲ್ಲಿ. ಹಲ್ಲು ಕಿತ್ತ ಸಮಯವನ್ನು ಒಮ್ಮೆ ದಾಖಲಿಸಿದರೆ ಸಾಕು: ಮುಕ್ಕಾಲು ಗಂಟೆಗೆ ‘ಹತ್ತಿ ತೆಗೆಯಿರಿ’, ಎರಡು ಗಂಟೆಗೆ ‘ಮರಗಟ್ಟಿದ್ದು ಬಿಡುವ ಮೊದಲೇ ಬರೆದುಕೊಟ್ಟ ನೋವಿನ ಮಾತ್ರೆ ನುಂಗಿ’, ಮರುದಿನ ಊಟವಾದ ಮೇಲೆ ‘ಇನ್ನು ಉಪ್ಪುನೀರು’ ಎಂದು ಒಂದೊಂದೇ ವಾಕ್ಯ ಬರುತ್ತದೆ. ಬಾಯಿಯ ಆರೋಗ್ಯಕ್ಕೆ ಮೊಬೈಲನ್ನು ಹೇಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2021ರಲ್ಲಿ ಕೈಪಿಡಿಯನ್ನೇ ಹೊರತಂದಿವೆ. ತಂಬಾಕು ಬಿಡಿಸಲು ಭಾರತ ಸರ್ಕಾರ 2016ರಲ್ಲಿ ಆರಂಭಿಸಿದ ಎಂ-ಸೆಸೇಷನ್ ಯೋಜನೆ ಮಿಸ್ಡ್ ಕಾಲ್ ಮತ್ತು ಎಸ್ಸೆಮ್ಮೆಸ್‌ನಿಂದಲೇ ನಡೆಯುತ್ತದೆ. ಸಾದಾ ಹ್ಯಾಂಡ್‌ಸೆಟ್ಟೂ ಸಾಲುತ್ತದೆ.

ನನ್ನ ಮಟ್ಟಿಗೆ, ನೆನಪಿಸುವುದಕ್ಕಿಂತ ವಿಚಾರಿಸುವುದು ಹೆಚ್ಚು ಬೆಲೆಯ ಕೆಲಸ. ಹಲ್ಲು ಕಿತ್ತ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಹೆಪ್ಪು ಕಳಚಿ ಮೂಳೆ ಬರಿದಾದರೆ, ಅಂದರೆ ಡ್ರೈ ಸಾಕೆಟ್ ಆದರೆ, ಇಳಿಯುತ್ತಿದ್ದ ನೋವು ಎರಡು ಮೂರನೆಯ ದಿನ ಏರತೊಡಗಿ ಕಿವಿಯವರೆಗೂ ಸಿಡಿಯುತ್ತದೆ, ಬಾಯಿ ನಾರುತ್ತದೆ. ಕೆಳದವಡೆಯ ಬುದ್ಧಿಹಲ್ಲಿನಲ್ಲೂ ಧೂಮಪಾನಿಗಳಲ್ಲೂ ಇದು ಹೆಚ್ಚು. ಕಿವಿನೋವೆಂದು ಬಗೆದು ಎಣ್ಣೆ ಬಿಟ್ಟುಕೊಂಡು ಕೂರುವವರಿಗೆ ಮೂರನೆಯ ದಿನ ಬೆಳಿಗ್ಗೆ ‘ನೋವು ನಿನ್ನೆಗಿಂತ ಹೆಚ್ಚೋ, ಕಡಿಮೆಯೋ?’ ಎಂಬ ಒಂದೇ ಪ್ರಶ್ನೆ ಬಂದು, ‘ಹೆಚ್ಚು’ ಎಂಬ ಉತ್ತರ ನೇರವಾಗಿ ಚಿಕಿತ್ಸಾಲಯ ತಲುಪಿದರೆ, ಕುಳಿ ತೊಳೆದು ಔಷಧದ ಪಟ್ಟಿ ಇಟ್ಟು ಅಂದೇ ಉಪಶಮನ ಕೊಡಬಹುದು.

ಇಷ್ಟಕ್ಕೆ ಪ್ರತ್ಯೇಕ ಆ್ಯಪ್ ಬೇಕೇ? ಒಂದು ವಾರದ ಗಾಯಕ್ಕಾಗಿ ಆ್ಯಪ್ ಇಳಿಸಿಕೊಂಡು, ಪಾಸ್‌ವರ್ಡ್ ಹೊಂದಿಸಿ, ಒಟಿಪಿಗೆ ಕಾಯುವುದು ಊದಿದ ಕೆನ್ನೆಯವರಿಗೆ ಹೇಳುವ ಕೆಲಸವಲ್ಲ, ಸಂದೇಶಗಳೇ ವಾಸಿ. ವರ್ಷಗಟ್ಟಲೆ ಕ್ಲಿಪ್ ಹಾಕಿಸಿಕೊಳ್ಳುವ ಹರೆಯದವರ ಮಾತು ಬೇರೆ. ಇಟಲಿಯ ಸಂಶೋಧಕರು ಅಂಥ 80 ಮಂದಿಯಲ್ಲಿ ಅರ್ಧದಷ್ಟು ಜನರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ಹಲ್ಲಿನ ಸೆಲ್ಫಿ ಹಂಚಿಕೊಳ್ಳುವ ಪೈಪೋಟಿ ಹಚ್ಚಿದ್ದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನವರ ಹಲ್ಲಿನ ಕೊಳೆಯೂ ಒಸಡಿನ ಉರಿಯೂತವೂ ಉಳಿದವರಿಗಿಂತ ಕಡಿಮೆಯಾಗಿದ್ದವು. ಅಲ್ಲಿ ಕೆಲಸ ಮಾಡಿದ್ದು ತಂತ್ರಜ್ಞಾನವೋ ಓರಗೆಯವರ ಕಣ್ಣೋ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ನಮ್ಮಲ್ಲಿ ಹಲ್ಲು ಕೀಳಿಸಿಕೊಂಡ ಅಜ್ಜಿ ಮನೆಯಲ್ಲಿರುತ್ತಾರೆ, ಸಂದೇಶ ಬರುವ ಫೋನು ಮಗನ ಜೇಬಿನಲ್ಲಿ ಕಚೇರಿಗೆ ಹೋಗಿರುತ್ತದೆ. ಆದ್ದರಿಂದ ನೋಂದಣಿಯ ವೇಳೆ ಕೇಳಬೇಕಾದದ್ದು ರೋಗಿಯ ನಂಬರನ್ನಲ್ಲ, ಹಗಲು ಅವರ ಬಳಿ ಇರುವ ಫೋನಿನ ನಂಬರನ್ನು. ಓದಲು ಕನ್ನಡಕ ಹುಡುಕುವವರಿಗೆ ಧ್ವನಿಸಂದೇಶವೇ ಸರಿ; ಅದೂ ಯಂತ್ರಾನುವಾದದ ಕನ್ನಡದಲ್ಲಲ್ಲ, ‘ಇವತ್ತು ಉಗುಳಬೇಡಿ ಅಮ್ಮಾ, ನುಂಗಿಬಿಡಿ’ ಎನ್ನುವ, ಆ ಚಿಕಿತ್ಸಾಲಯದ್ದೇ ಪರಿಚಿತ ದನಿಯಲ್ಲಿ. ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಕರೆ ಮಾಡಬೇಕಾದ ನಂಬರು ಪ್ರತಿ ಸಂದೇಶದ ಕೊನೆಯಲ್ಲೂ ಇರಬೇಕು, ಆ ಕರೆಯನ್ನು ರಾತ್ರಿಯೂ ಮನುಷ್ಯರೊಬ್ಬರು ಎತ್ತಬೇಕು.