ಫ್ಯಾಮಿಲಿ ಹಿಸ್ಟರಿ: ಡಿಮೆನ್ಷಿಯಾದ ಮಟ್ಟಿಗೆ ಹಾಗೆಂದರೇನು?

ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆಯ ಶಕ್ತಿ ಕುಂದುತ್ತ ಹೋಗುವ ಕಾಯಿಲೆಯ ಅನುಮಾನವಿದ್ದಾಗ ಡಾಕ್ಟರು 'ಫ್ಯಾಮಿಲಿ ಹಿಸ್ಟರಿ ಇದೆಯಾ?' ಎಂದು ಕೇಳಿಯೇ ಕೇಳುತ್ತಾರೆ. ಹೌದು ಎಂದಷ್ಟೇ ಹೇಳಿದರೆ ಅವರಿಗೆ ಏನೂ ಹೇಳಿದಂತಾಗದು. ಯಾರಿಗೆ ಬಂದಿತ್ತು, ಎಷ್ಟು ತಲೆಮಾರಿನಲ್ಲಿ ಕಂಡಿದೆ, ಯಾವ ಬಗೆಯದು, ಎಷ್ಟನೇ ವಯಸ್ಸಿಗೆ ಶುರುವಾಯಿತು ಎಂಬುದೆಲ್ಲ ಸೇರಿದರೆ ಫ್ಯಾಮಿಲಿ ಹಿಸ್ಟರಿ. ಅದರಲ್ಲೂ ವಯಸ್ಸಿಗೆ ತೂಕ ಜಾಸ್ತಿ. 84 ದಾಟಿದ ಅಜ್ಜಿ ಹೆತ್ತ ಮಗಳನ್ನೇ 'ಯಾರಮ್ಮ ನೀನು, ಯಾವೂರು?' ಎಂದು ಕೇಳುವುದಕ್ಕೂ, 48ರ ಅಪ್ಪ ದಿನಾ ಆಫೀಸಿಗೆ ಹೋಗುವ ದಾರಿಯನ್ನೇ ಮರೆಯುವುದಕ್ಕೂ ಅಜಗಜಾಂತರವಿದೆ. ಅಜ್ಜಿಯ ವಿಷಯದಲ್ಲಿ ದೊಡ್ಡ ಕಾರಣ ವಯಸ್ಸೇ. ಅಪ್ಪನ ವಿಷಯದಲ್ಲಿ ವಂಶದ ಕಡೆ ನೋಡಲೇಬೇಕು.

ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಅಲ್ಜೈಮರ್. ಅದು ಹಾಗೆ ನೇರವಾಗಿ ವಂಶದಲ್ಲಿ ಇಳಿದು ಬರುವುದು ಬಹಳ ಅಪರೂಪ. ಒಟ್ಟು ರೋಗಿಗಳಲ್ಲಿ ಶೇ 1ಕ್ಕಿಂತ ಕಡಿಮೆ. ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಎಂಬ ಮೂರು ಜೀನ್‌ಗಳ ಪೈಕಿ ಒಂದರಲ್ಲಿ ಅಂಥ ದೋಷವಿದ್ದರೆ ಕಾಯಿಲೆ ಹೆಚ್ಚೂಕಡಿಮೆ ಖಚಿತ, ಸಾಮಾನ್ಯವಾಗಿ 65ರ ಒಳಗೇ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. (ಸೋದರ ಸಂಬಂಧದಲ್ಲಿ ಮದುವೆಯಾಗಿದ್ದಕ್ಕೇ ಬಂತೇನೋ ಎಂದು ಕೊರಗುವವರಿದ್ದಾರೆ. ಒಂದೇ ಕಡೆಯಿಂದ ಬಂದರೂ ಸಾಕಾಗುವ ಇಂಥ ದೋಷಕ್ಕೆ ಆ ಲೆಕ್ಕ ಹೊಂದುವುದಿಲ್ಲ.)

ಕೊಲಂಬಿಯಾದ ಆಂಟಿಯೋಕಿಯಾದಲ್ಲಿ ಇಂಥ ದೊಡ್ಡ ಮನೆತನವೊಂದಿದೆ. ನರರೋಗ ತಜ್ಞ ಫ್ರಾನ್ಸಿಸ್ಕೊ ಲೊಪೆರಾ 1980ರ ದಶಕದಿಂದ ಅಲ್ಲಿನ ಊರೂರು ಸುತ್ತಿ, ಚರ್ಚ್ ದಾಖಲೆಗಳನ್ನು ತಿರುವಿ, ವಂಶವೃಕ್ಷ ಬರೆದರು. ಮಾಟದಿಂದ ಬಂದದ್ದೆಂದು ಕೆಲವರು ನಂಬಿದ್ದ ಆ ಕಾಯಿಲೆಗೆ ಪಿಎಸ್‌ಇಎನ್1 ದೋಷ ಕಾರಣವೆಂದು ಗೊತ್ತಾಯಿತು. ಅದು ಇದ್ದವರಿಗೆ ಸುಮಾರು 44ಕ್ಕೆ ಮರೆವು ಶುರು, 49ರ ಹೊತ್ತಿಗೆ ಡಿಮೆನ್ಷಿಯಾ. ಆದರೆ ಅದೇ ಮನೆತನದ ಒಬ್ಬ ಹೆಂಗಸು ಅದೇ ದೋಷವಿಟ್ಟುಕೊಂಡು 70ರವರೆಗೂ ಚೆನ್ನಾಗಿಯೇ ಇದ್ದರು. ಎಪಿಒಇ ಎಂಬ ಇನ್ನೊಂದು ಜೀನ್‌ನ ಅಪರೂಪದ ರೂಪ ಅವರಿಗೆ ಎರಡೂ ಕಡೆಯಿಂದ ಬಂದಿತ್ತು; ಅದೇ ಅವರನ್ನು ಕಾಪಾಡಿರಬೇಕು ಎಂದು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.

ಸಾಮಾನ್ಯ ಮನೆಗಳಲ್ಲಿ ಲೆಕ್ಕಕ್ಕೆ ಬರುವುದು ಈ ಎಪಿಒಇಯೇ. ಇದರ ಇ2, ಇ3, ಇ4 ರೂಪಗಳಲ್ಲಿ ಇ4ಕ್ಕೂ ಅಲ್ಜೈಮರ್‌ಗೂ ನಂಟಿದೆಯೆಂದು ತಿಳಿದದ್ದು 1993ರಲ್ಲಿ. ಒಂದು ಇ4 ಇದ್ದರೆ ಅಪಾಯ ಸುಮಾರು 3 ಪಟ್ಟು, ತಂದೆ ತಾಯಿ ಇಬ್ಬರಿಂದಲೂ ಬಂದು ಎರಡಿದ್ದರೆ 8ರಿಂದ 12 ಪಟ್ಟು ಎನ್ನುತ್ತಾರೆ. ಇ4 ಇದ್ದೂ ಕೊನೆಯವರೆಗೆ ಚುರುಕಾಗಿದ್ದವರಿದ್ದಾರೆ, ಇಲ್ಲದೆಯೂ ಕಾಯಿಲೆ ಬಂದವರಿದ್ದಾರೆ. ಹೀಗಾಗಿ ಆರೋಗ್ಯವಾಗಿರುವವರು ಸುಮ್ಮನೆ ಕುತೂಹಲಕ್ಕೆ ಈ ಟೆಸ್ಟ್ ಮಾಡಿಸುವುದು ನನಗೇನೋ ಸರಿ ಕಾಣುವುದಿಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಅವರೇ 2007ರಲ್ಲಿ ತಮ್ಮ ಇಡೀ ಜೀನೋಮ್ (ಡಿಎನ್‌ಎಯ ಪೂರ್ತಿ ವಿವರ) ಬಹಿರಂಗಪಡಿಸಿದಾಗ, ಎಪಿಒಇ ಒಂದನ್ನು ಬಿಟ್ಟುಬಿಡಿ, ನನಗೂ ಹೇಳಬೇಡಿ ಎಂದಿದ್ದರು. ಅಕ್ಕಪಕ್ಕದ ಡಿಎನ್‌ಎ ಗುರುತುಗಳಿಂದ ಅದನ್ನು ಊಹಿಸಬಹುದೆಂದು ಬೇರೆಯವರು ತೋರಿಸಿದ ಮೇಲೆ ಸುತ್ತಲಿನ ಭಾಗವನ್ನೂ ತೆಗೆಯಬೇಕಾಯಿತು! ಅಲ್ಜೈಮರ್‌ಗೆ ಲೆಕಾನೆಮ್ಯಾಬ್‌ನಂಥ ಹೊಸ ಔಷಧ ಕೊಡುವ ಮುಂಚೆ ಈ ಟೆಸ್ಟ್ ಮಾಡಿಸುವುದು ಬೇರೆ ಮಾತು. ಎರಡು ಇ4 ಇದ್ದವರಿಗೆ ಆ ಔಷಧದಿಂದ ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಹೆಚ್ಚು.

ಡಿಮೆನ್ಷಿಯಾದ ಬೇರೆ ಬಗೆಗಳ ಕಥೆಯೇ ಬೇರೆ. ಮರೆವಿಗಿಂತ ಮೊದಲು ನಡವಳಿಕೆಯೇ ಕೆಡುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾದಲ್ಲಿ ವಂಶದ ಪಾತ್ರ ಹೆಚ್ಚು. ಮಿದುಳಿನ ರಕ್ತನಾಳ ಕೆಟ್ಟು ಬರುವ ಬಗೆಯಲ್ಲಿ ಮನೆತನದಿಂದ ಬರುವುದು ಹೆಚ್ಚಾಗಿ ಬಿಪಿ, ಶುಗರ್.

ನಮ್ಮಲ್ಲಿ ಈ ಹಿಸ್ಟರಿ ಕೈಗೆ ಸಿಗುವುದೇ ಕಷ್ಟ. ಅರವತ್ತಕ್ಕೆ ಅರಳು ಮರಳು ಎಂದು ಬಿಟ್ಟವರು, ಹುಚ್ಚು ಹಿಡಿಯಿತೆಂದು ಒಳಕೋಣೆಗೆ ಸೇರಿಸಿದವರು, ಕಾಯಿಲೆ ಕಾಣಿಸುವ ಮುನ್ನವೇ ಹಾರ್ಟ್ ಅಟ್ಯಾಕಿಗೆ ಹೋದವರು ಯಾರ ಲೆಕ್ಕದಲ್ಲೂ ಇಲ್ಲ. ಆದ್ದರಿಂದ ಡಾಕ್ಟರ ಬಳಿ ಹೋಗುವ ಮುಂಚೆ ಮನೆಯ ಹಿರಿಯರನ್ನು, ಸೋದರತ್ತೆಯನ್ನೋ ದೊಡ್ಡಮ್ಮನನ್ನೋ, ಕಾಯಿಲೆಯ ಹೆಸರು ಕೇಳದೆ ವಿವರ ಕೇಳಿ: ತಾತ ಎಷ್ಟನೇ ವಯಸ್ಸಿಗೆ ಅಂಗಡಿ ಲೆಕ್ಕ ಬಿಟ್ಟರು? ಮೊದಲು ಹೋದದ್ದು ನೆನಪೋ, ಮಾತೋ, ಸಂಕೋಚವೋ? ಮೂವರಿಗೆ 60ರ ಒಳಗೆ ಬಂದಿದೆಯೆಂದು ಗೊತ್ತಾದರೆ ಜೀನ್ ದೋಷ ಹುಡುಕುವ ರಕ್ತಪರೀಕ್ಷೆಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ (ಅದರ ಫಲಿತಾಂಶದ ಅರ್ಥವೇನೆಂದು ತಜ್ಞರು ಕೂರಿಸಿ ತಿಳಿಹೇಳುವುದು) ಆಗಬೇಕು, ಏಕೆಂದರೆ ಒಬ್ಬರ ರಿಪೋರ್ಟು ಅಣ್ಣತಮ್ಮ, ಅಕ್ಕತಂಗಿಯರ ಗುಟ್ಟನ್ನೂ ಹೇಳಿಬಿಡುತ್ತದೆ.

ಮೇಲೆ ಹೇಳಿದ 8–12 ಪಟ್ಟು ಎಂಬ ಲೆಕ್ಕ ಬಹುಪಾಲು ಯುರೋಪ್ ಮೂಲದವರನ್ನು ನೋಡಿ ಹಾಕಿದ್ದು. ಇ4ರ ಪ್ರಭಾವ ಎಲ್ಲ ಜನರಲ್ಲೂ ಒಂದೇ ಸಮ ಇಲ್ಲ. ನಮ್ಮವರ ಲೆಕ್ಕ ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಜೀನ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸುತ್ತಿದೆ.