ಬಳ್ಳಾರಿ ಗುಡ್ಡದ ಮೇಲೆ ಹಿಮದ ಬೂಟು

ಏಪ್ರಿಲ್ ಸಂಜೆ. ಬಳ್ಳಾರಿ ಕೋಟೆ ಗುಡ್ಡದ ಮೆಟ್ಟಿಲಲ್ಲಿ ದಪ್ಪ ಉಣ್ಣೆ ಸಾಕ್ಸು, ಹಿಮಪರ್ವತಕ್ಕೆ ಹಾಕುವ ಬೂಟು ತೊಟ್ಟು ಒಬ್ಬ ಹತ್ತಿಳಿಯುತ್ತಿದ್ದರೆ ಜನ ನೋಡದೆ ಇರುತ್ತಾರಾ? ಕೆಳಗೆ ಸೌತೆಕಾಯಿ ಮಾರುತ್ತಿದ್ದ ಅಜ್ಜಿ ಕೇಳೇಬಿಟ್ಟರು: “ಏನಪಾ, ಈ ಬಿಸ್ಲಾಗ ಇಂಥ ಬೂಟು ಹಾಕ್ಕಂಡು ಎಲ್ಲಿಗೆ ಹೊಂಟೀಯ?” ಲಡಾಖಿಗೆ ಅಂದೆ. ಬಾಯಿಗೆ ಸೆರಗು ಹಿಡಿದು ನಕ್ಕರು.

ನಗಲಿ. ಮೊದಲ ಸಲ ಹೀಗೆ ಊರಲ್ಲೇ ಬೂಟು ಹಾಕಿ ನಡೆದು ನೋಡದೇ ಹೋಗಿ ಹೆಬ್ಬೆರಳಿನ ಉಗುರು ಕಳೆದುಕೊಂಡು ಬಂದವನು ನಾನು. ಬೆಳಿಗ್ಗೆ ಹೊತ್ತು, ಎಸಿ ಅಂಗಡಿಯಲ್ಲಿ, ತೆಳು ಸಾಕ್ಸಿನ ಮೇಲೆ ಹಾಕಿ ನೋಡಿದ್ದೆ. ಸ್ವಲ್ಪ ಬಿಗಿ ಅನ್ನಿಸಿತು. “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್” ಅಂದರು. ತೊಗಲಿನ ಚಪ್ಪಲಿಗೆ ಆ ಮಾತು ಸರಿ. ಗಟ್ಟಿ ಬೂಟು ಹಾಗೆ ಹಿಗ್ಗೋದಿಲ್ಲ. ಬೆಟ್ಟ ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಬೆರಳು ಬೂಟಿನ ಮೂತಿಗೆ ಬಡಿಯಿತು. ಉಗುರಿನಡಿ ರಕ್ತ ಹೆಪ್ಪುಗಟ್ಟಿ ನೇರಳೆಹಣ್ಣಿನ ಬಣ್ಣ ಬಂತು. ಹೊಸ ಉಗುರು ಪೂರ್ತಿ ಬರಲು ವರ್ಷದ ಮೇಲೆ ಹಿಡಿಯಿತು.

ಉಗುರೇನೋ ಮತ್ತೆ ಬರುತ್ತೆ, ಬೆರಳು ಬರೋದಿಲ್ಲ. 1950ರ ಜೂನ್ 3ರಂದು 8,091 ಮೀಟರ್ ಎತ್ತರದ ಅನ್ನಪೂರ್ಣ ಏರಿದ ಫ್ರಾನ್ಸಿನ ಮೋರಿಸ್ ಹೆರ್ಝಾಗ್, ಲೂಯಿ ಲಾಶೆನಾಲ್ ಇಬ್ಬರೂ ಕಾಲ್ಬೆರಳುಗಳನ್ನೆಲ್ಲ ಕಳೆದುಕೊಂಡರು. ಚಳಿಗೆ ಮಾಂಸವೇ ಹೆಪ್ಪುಗಟ್ಟಿ ಸಾಯುವ ಇದಕ್ಕೆ ಫ್ರಾಸ್ಟ್‌ಬೈಟ್ ಅನ್ನುತ್ತಾರೆ.

ಕಾಲಿನ ಬೆರಳಿಗೆ ತನ್ನದೇ ಒಲೆ ಅಂತ ಇಲ್ಲ. ಅಲ್ಲಿ ಶಾಖ ಹುಟ್ಟಿಸುವಷ್ಟು ಮಾಂಸಖಂಡವೇ ಇಲ್ಲ. ಬರೋ ಬಿಸಿಯೆಲ್ಲ ರಕ್ತದ ಜೊತೆ ಮೇಲಿನಿಂದಲೇ ಬರಬೇಕು. ಚಳಿ ಜಾಸ್ತಿಯಾದರೆ ದೇಹ ಮೊದಲು ಎದೆ, ಹೊಟ್ಟೆ, ಮಿದುಳನ್ನು ಕಾಪಾಡುತ್ತೆ. ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತೆ. ಅದರ ಮೇಲೆ ಬಿಗಿ ಬೂಟೂ ಹಿಸುಕಿದರೆ?

ಇಲ್ಲಿ ಒಂದು ಲೆಕ್ಕ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಪ್ವಾಸೋಯ್ ಎಂಬ ಫ್ರೆಂಚ್ ವೈದ್ಯ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡದ್ದು. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಹರಿವೂ ಅರ್ಧ ಆಗುತ್ತೆ ಅಂದುಕೊಳ್ಳುತ್ತೇವೆ, ಅಲ್ವಾ? ಆಗೋದು ಹದಿನಾರನೇ ಒಂದು ಪಾಲು. ಅಗಲ ಬರೀ ಹತ್ತನೇ ಒಂದು ಭಾಗ ಕಡಿಮೆಯಾದರೂ ಸುಮಾರು ಮೂರನೇ ಒಂದು ಭಾಗ ಹರಿವು ಹೋಯಿತು. ರಕ್ತನಾಳ ಗಾಜಿನ ಕೊಳವೆಯಲ್ಲ, ನಿಜ. ಆದರೂ ‘ಸ್ವಲ್ಪ ಬಿಗಿ’ ಅನ್ನುವ ಮಾತನ್ನು ಆಮೇಲಿಂದ ನಾನು ಹಗುರವಾಗಿ ತಗೊಳ್ಳೋದಿಲ್ಲ.

ಇನ್ನು ನಮ್ಮವರು ಮಾಡುವ ದೊಡ್ಡ ತಪ್ಪು. ಚಳಿ ಅಂತ ಇನ್ನೊಂದು ಜೊತೆ ಸಾಕ್ಸು ತುರುಕೋದು. ನಾನೂ ಮಾಡಿದ್ದೆ, ಕಾಲು ಇನ್ನೂ ತಣ್ಣಗಾಯಿತು. ರಾಯಚೂರು ಕಡೆಯ ಹತ್ತಿಯವರಿಗೆ ಇದು ಹೇಳಬೇಕಾಗಿಲ್ಲ. ಹೊಸದಾಗಿ ಹಿಂಜಿ ತುಂಬಿದ ಗಾದಿ ಎಷ್ಟು ಬೆಚ್ಚಗಿರುತ್ತೆ, ಅದೇ ನಾಲ್ಕು ವರ್ಷ ಮಲಗಿ ಚಪ್ಪಟೆಯಾದ ಮೇಲೆ ನೆಲದ ತಂಪು ಹೇಗೆ ಬೆನ್ನಿಗೆ ಹತ್ತುತ್ತೆ! ಹತ್ತಿ ಅಷ್ಟೇ ಇದೆ, ನಡುವೆ ಸಿಕ್ಕಿಕೊಂಡಿದ್ದ ಗಾಳಿ ಹೋಗಿದೆ. ಉಣ್ಣೆ ಸಾಕ್ಸಿನದೂ ಅದೇ ಕಥೆ. ಒತ್ತಿ ಹಿಸುಕಿದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಬಿಸಿ ಇಲ್ಲ.

ಹಾಗಂತ ಸುಮ್ನೆ ಎರಡು ನಂಬರ್ ದೊಡ್ಡದು ತಂದರೆ ಹಿಮ್ಮಡಿ ಒಳಗೆ ಏರಿಳಿದು ನೀರುಗುಳ್ಳೆ ಏಳುತ್ತೆ. ಇಂಗ್ಲೆಂಡಿನ ಅಳತೆಯಲ್ಲಿ ಒಂದು ನಂಬರ್ ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು ಎಂಟೂವರೆ ಮಿಲಿಮೀಟರ್. ಬಾರ್ಲಿ ಕಾಳಿನ ಉದ್ದದಿಂದ ಬಂದ ಲೆಕ್ಕವಂತೆ ಅದು. ಆದರೆ ಆ ನಂಬರ್ ಉದ್ದ ಮಾತ್ರ ಹೇಳುತ್ತೆ. ನಮ್ಮ ತೊಂದರೆ ಇರೋದು ಅಗಲದಲ್ಲಿ. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ಓಡಾಡಿ ಬೆಳೆದವರ ಪಾದಗಳನ್ನು ಅಳೆದು ಬೆಲ್ಜಿಯಂ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರ ಪಾದದ ಮುಂಭಾಗ ಶೂ ಹಾಕಿ ಬೆಳೆದವರಿಗಿಂತ ಅಗಲ. ನಾನೂ ಹವಾಯಿ ಚಪ್ಪಲಿಯಲ್ಲೇ ಬೆಳೆದವನು. ನನ್ನ ಬೆರಳುಗಳು ಬೀಸಣಿಗೆ ಬಿಚ್ಚಿದ ಹಾಗೆ ಕೂತಿವೆ. ಅದಕ್ಕೇ ನಂಬರ್ ಕೇಳುವ ಮೊದಲು ‘ಅಗಲದ್ದು ಇದೆಯಾ’ ಅಂತ ಕೇಳಬೇಕು.

ಹಾಕಿ ನೋಡೋದು ಸಂಜೆಗೆ. ದಿನವಿಡೀ ಬಿಸಿಲಲ್ಲಿ ಓಡಾಡಿದ ಕಾಲು ಊದಿರುತ್ತೆ. ಎತ್ತರದಲ್ಲೂ ಕೈಕಾಲು ಊದುತ್ತವೆ. ನಮ್ಮ ಬಿಸಿಲಿಂದ ಆಗುವ ಒಂದೇ ಒಂದು ಉಪಕಾರ ಅಂದರೆ ಇದೇ ಇರಬೇಕು. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಹಾಕಿ, ಲೇಸು ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಆಮೇಲೆ ಲೇಸು ಬಿಗಿದು ಇಳಿಜಾರಲ್ಲಿ ನಿಂತು ಮೂತಿಯನ್ನು ನೆಲಕ್ಕೆ ಕುಟ್ಟಿ. ಲೇಸು ಸರಿಮಾಡಿ ಕಟ್ಟಿದ ಮೇಲೂ ಬೆರಳು ತಾಗಿದರೆ ಆ ಬೂಟು ಬೇಡ.

ಗುಡ್ಡದಿಂದ ಇಳಿಯುವಾಗ ಬಲಗಾಲಿನ ಬೆರಳು ತುಸು ತಾಗುತ್ತಿತ್ತು. ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿದೆ. ಬೆರಳ ಬುಡದ ಕಡೆ ಸಡಿಲ ಬಿಟ್ಟು, ಪಾದ ಮಡಚುವಲ್ಲಿ ಒಂದರ ಬದಲು ಎರಡು ಸುತ್ತು ಹಾಕಿ ಎಳೆದೆ. ಹಿಮ್ಮಡಿ ಹಿಂದಕ್ಕೆ ಕೂತಿತು. ಉಳಿದ ಮೆಟ್ಟಿಲಲ್ಲಿ ಬೆರಳು ತಾಗಲಿಲ್ಲ. ಅಜ್ಜಿ ಹತ್ತಿರ ಸೌತೆಕಾಯಿ ಕೊಂಡೆ. “ಆ ಕಾಲಾಗ ಬೇಯ್ತಿಲ್ಲೇನಪಾ?” ಅಂದರು. ಬೇಯುತ್ತಿತ್ತು.